ಒಂದೇ ಪಿಎಚ್‌ಪಿ ಸ್ಕ್ರಿಪ್ಟ್, ಮೂರು ಕಡಿ ಮೂರು ತಕರಾರು: ಎಲ್ಲಾ ಸರ್ವರ್‌ದಾಗೂ ಓಡೋಹಂಗ ಹ್ಯಾಂಗ ಬರೀಬೇಕ್ರಿ?

ಗಂಜ್‌ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಪ್ರಶ್ನೆ ಸ್ವಲ್ಪ ಉದ್ದ ಅದ, ಚಾ ಕುಡ್ಕೋತ ಓದ್ರಿ. ಮೊಬೈಲ್‌ದಾಗ ಟೈಪ್ ಮಾಡ್ಲತ್ತೀನಿ, ಕೀಬೋರ್ಡ್ ಘಳಿಗಿಗೊಮ್ಮೆ ಬದಲಿ ಮಾಡ್ಲಾಕ ಬ್ಯಾಸರ. ಅದಕ್ಕ ಕಮಾಂಡ್‌ಗಳ್ನೂ ಕನ್ನಡದಾಗೇ ಬರ್ದೀನಿ. ಓದಿದ್ರ ತಿಳೀತದ.

ನಾನು ನೆಹರು ಗಂಜ್ ಹತ್ರ ಒಂದು ದಾಲ್ ಮಿಲ್‌ದಾಗ ಲೆಕ್ಕಾನೂ ಬರೀತೀನಿ, ಕಂಪ್ಯೂಟರೂ ನೋಡ್ಕೋತೀನಿ. ಸಾವ್ಕಾರ್ರ ಮನಿತನದ್ದು ಒಟ್ಟು ಮೂರು ವ್ಯವಹಾರ: ಈ ಮಿಲ್ಲು, ಗಂಜ್‌ದಾಗೇ ಒಂದು ಅಡತ್ ಅಂಗಡಿ, ಆಳಂದದಾಗ ತೊಗರಿ ಖರೀದಿ ಅಂಗಡಿ. ಮೂರಕ್ಕೂ ನಾನೇ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆದಾಗ ಒಂದು ಸಣ್ಣ ಪ್ರೋಗ್ರಾಂ ಬರ್ದೀನಿ. ಹಗಲೆಲ್ಲಾ ಕಾಟಾ ಚೀಟಿ ಬ್ರೌಸರ್‌ದಾಗ ಎಂಟ್ರಿ ಆಗ್ತಾವ. ಮರುದಿನ ಮುಂಜಾನೆ 6ಕ್ಕ ‘ಪಟ್ಟಿ’ ಅನ್ನೋ ಸ್ಕ್ರಿಪ್ಟ್ ಓಡಿ, ಯಾವ ರೈತಂದು ಎಷ್ಟು ಚೀಲ, ಎಷ್ಟು ಕ್ವಿಂಟಲ್, ಹಮಾಲಿ ಎಷ್ಟು ಕಡಿತ, ಕೈಗೆ ಬರೋದೆಷ್ಟು ಅಂತ ಲೆಕ್ಕ ತೆಗ್ದು ಒಂದು ಫೈಲ್ ಮಾಡ್ತದ, ರೈತಗ ಒಂದು ಎಸ್ಸೆಮ್ಮೆಸ್ ಹಾಕ್ತದ. ಕೋಡ್ ಮೂರೂ ಕಡಿ ಒಂದೇ, ಒಂದು ಅಕ್ಷರ ಫರಕ್ ಇಲ್ಲ. ಓಡೋದು ಮಾತ್ರ ಮೂರು ನಮೂನಿ.

ಮಿಲ್ಲಿನ ಆಫೀಸಿನಾಗ ವಿಂಡೋಸ್, ಅದರ ಮ್ಯಾಲೆ ಕ್ಸಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರೋ ಪ್ಯಾಕೇಜ್). (ಕಲಬುರಗಿ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್ ಬಂದದ್ದು 2019ರಾಗ, ನಮ್ಮ ಕಂಪ್ಯೂಟರ್ ಅದಕ್ಕಿಂತ ಹಳೇದು.) ನಾನು ಕೈಯಿಂದ ಓಡಿಸಿದ್ರ ಪಟ್ಟಿ ಬರೋಬ್ಬರಿ ಬರ್ತದ. ವೇಳೆಗೆ ತಾನೇ ಓಡಲಿ ಅಂತ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ರ ‘ಯಶಸ್ವಿ’ ಅಂತದ, ಫೈಲ್ ಎಲ್ಲೂ ಇರಂಗಿಲ್ಲ. ಎರಡು ದಿನ ಹುಡುಕಿ ನೋಡಿದ್ರ ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗ ಹದಿನಾಲ್ಕು ಪಟ್ಟಿ ಕುಂತಾವ! ರೈತರ ಲೆಕ್ಕ ಹೋಗಿ ಡಿಎಲ್‌ಎಲ್‌ಗಳ ನಡುವ.

ಅಡತ್ ಅಂಗಡೀದು ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್ ಬಾಳ ಮಂದಿ ಹಂಚ್ಕೊಳ್ಳೋದು). ಅಲ್ಲಿ ಕ್ರಾನ್ (ಲಿನಕ್ಸ್‌ದಾಗ ವೇಳೆಗೆ ತಾನೇ ಕೆಲಸ ಓಡಸೋದು) ಓಡಿತು ಅಂತ ದಿನಾ ಮೇಲ್ ಬರ್ತದ. ಮೇಲ್ ತೆರೆದ್ರ ‘ಕಂಟೆಂಟ್-ಟೈಪ್: ಟೆಕ್ಸ್ಟ್/ಎಚ್‌ಟಿಎಂಎಲ್’ ಅನ್ನೋ ಸಾಲು, ಕೆಳಗ ಖಾಲಿ. ಎರರ್ ಇಲ್ಲ, ಪಟ್ಟಿನೂ ಇಲ್ಲ.

ಆಳಂದದ್ದು ಒಂದು ವಿಪಿಎಸ್ (ಬಾಡಿಗಿ ಸರ್ವರ್), ಉಬುಂಟು ಲಿನಕ್ಸ್, ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್, ಅದರ ಜೊತಿ ಪಿಎಚ್‌ಪಿ ಓಡಸೋ ಎಫ್‌ಪಿಎಂ. ಅಲ್ಲಿ ಬ್ರೌಸರ್‌ದಾಗ ಎಲ್ಲಾ ಛಲೋ ನಡೀತದ. ಕ್ರಾನ್‌ದಾಗ ಹಾಕಿದ್ರ ‘ಕುಡ್ ನಾಟ್ ಫೈಂಡ್ ಡ್ರೈವರ್’ ಅಂತದ. ಡ್ರೈವರ್ ಇಲ್ಲಂದ್ರ ಬ್ರೌಸರ್‌ದಾಗ ಹ್ಯಾಂಗ ನಡೀತದ್ರಿ? ಸಾಕಾಗಿ, ಕ್ರಾನ್‌ದಾಗ ಕರ್ಲ್ (ಕಮಾಂಡಿನಿಂದ ವೆಬ್ ಪೇಜ್ ತೆರಿಯೋದು) ಹಾಕಿ ಸ್ಕ್ರಿಪ್ಟಿನ ಯುಆರ್‌ಎಲ್ಲೇ ಬಡಿಯೋಹಂಗ ಮಾಡ್ದೆ. ಆವಕ ಕಡಿಮಿ ಇದ್ದಾಗ ನಡೀತು. ಎಳ್ಳಮಾಸಿ ಹತ್ರ ಬಂತು, ಹೊಸಾ ತೊಗರಿ ಬರ್ಲಾಕ ಸುರು ಆತು, ಚೀಟಿ ಹೆಚ್ಚಾದ್ವು, 504 (ಉತ್ತರ ಬರೋ ವೇಳೆ ಮೀರಿತು) ಅಂತ ಎರರ್ ಕೊಡ್ಲಾಕ ಸುರು ಮಾಡ್ತು. ಆಳಂದದ ಮುನೀಮ ಪಟ್ಟಿ ಬಂದಿಲ್ಲಂತ ತಾನೇ ಬ್ರೌಸರ್ ತೆಗ್ದು ಅದೇ ಯುಆರ್‌ಎಲ್ ಮತ್ತ ಒತ್ಯಾನ. ರೈತರಿಗೆ ಎರಡೆರಡು ಎಸ್ಸೆಮ್ಮೆಸ್. ಒಬ್ಬ ಹಿರಿಯ ನೇರ ಅಂಗಡಿಗೇ ಬಂದು, ‘ಏನಪ್ಪಾ, ಈ ಸಲ ಎರಡು ಪಟ್ಟಿ ರೊಕ್ಕ ಕೊಡ್ತೀರೇನು?’ ಅಂತ ನಕ್ಕ. ಸಾವ್ಕಾರ್ರು ನಗಲಿಲ್ಲ.

ಮೂರು ಕಡಿ ಮೂರು ಬ್ಯಾರೆ ಸ್ಕ್ರಿಪ್ಟ್ ಇಟ್ಕೊಳ್ಳೋದು ನಂಗ ಬ್ಯಾಡ. ಹಮಾಲಿ ದರ ಬದಲಾದ್ರ ಮೂರು ಕಡಿ ತಿದ್ದಬೇಕಾಗ್ತದ, ಒಂದು ಕಡಿ ಮರಿತೀನಿ, ಖರೆ. ಒಂದೇ ಸ್ಕ್ರಿಪ್ಟ್ ಎಲ್ಲಾ ಕಡಿ ಓಡಬೇಕಂದ್ರ ಏನು ಮಾಡ್ಬೇಕ್ರಿ?

ಬಿದರಿಕುಸುರಿ, ಬೀದರ್

ಅಣ್ಣಾ, ಇಷ್ಟಕ್ಕ ಪರೇಶಾನ್ ಆಗಬ್ಯಾಡ. ಸ್ಕ್ರಿಪ್ಟಿನ ಮೊದಲನೇ ಸಾಲಿಗೆ ಶೆಬ್ಯಾಂಗ್ (ಈ ಫೈಲ್ ಯಾವ ಪ್ರೋಗ್ರಾಂನಿಂದ ಓಡಬೇಕಂತ ಹೇಳೋ ಸಾಲು) ಹಾಕು: ಹ್ಯಾಶ್, ಆಶ್ಚರ್ಯಸೂಚಕ, ಆಮ್ಯಾಲೆ /ಯುಎಸ್‌ಆರ್/ಬಿನ್/ಎನ್ವ್ ಪಿಎಚ್‌ಪಿ. ಸಿಎಚ್‌ಮೋಡ್ +ಎಕ್ಸ್ ಮಾಡಿ ಫೈಲಿಗೆ ಓಡೋ ಪರವಾನಗಿ ಕೊಡು. ಪಿಎಚ್‌ಪಿ ಎಲ್ಲಿ ಅದ ಅಂತ ಎನ್ವ್ ತಾನೇ ಹುಡುಕ್ತದ, ಪ್ರತಿ ಸರ್ವರ್‌ಗೆ ದಾರಿ ಬರಿಯೋ ತಕಲೀಫ್ ಇಲ್ಲ. ನಾನು ಇಲ್ಲಿ ಎರಡು ಸರ್ವರ್‌ದಾಗ ಹಿಂಗೇ ನಡಸ್ಲತ್ತೀನಿ.

ಗಂಜ್‌ಹುಡುಗ

ಹಾಕಿ ನೋಡ್ದೆ ಅಣ್ಣಾ. ವಿಪಿಎಸ್‌ದಾಗ ಹಿಂಗ ಅಂತದ: ‘ಎನ್ವ್: ಪಿಎಚ್‌ಪಿ\ಆರ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಈ ‘\ಆರ್’ ಎಲ್ಲಿಂದ ಬಂತು? ನಾ ಅಂತೂ ಬರ್ದಿಲ್ಲ. ‘ಪಿಎಚ್‌ಪಿ ಪಟ್ಟಿ.ಪಿಎಚ್‌ಪಿ’ ಅಂತ ಓಡಿಸಿದ್ರ ಈ ಎರರ್ ಇಲ್ಲ, ಹಳೇ ಡ್ರೈವರ್ ಎರರ್ರೇ ಬರ್ತದ.

ಬಿದರಿಕುಸುರಿ

ವಿಂಡೋಸ್‌ದಾಗ ಬರ್ದು ಹಂಗೇ ಕಾಪಿ ಮಾಡೀಯಲ್ಲ, ಅದರದ್ದು. ವಿಂಡೋಸ್ ಎಡಿಟರ್ ಸಾಲಿನ ಕೊನೀಗೆ ಎರಡು ಅಕ್ಷರ ಇಡ್ತದ, ಲಿನಕ್ಸ್‌ಗೆ ಒಂದೇ ಸಾಕು. ಹೆಚ್ಚಿನದ್ದು ಶೆಬ್ಯಾಂಗ್ ಸಾಲಿಗೆ ಅಂಟ್ಕೊಂಡದ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಎನ್ವ್ ‘ಪಿಎಚ್‌ಪಿ\ಆರ್’ ಅನ್ನೋ ಹೆಸರಿನ ಪ್ರೋಗ್ರಾಂ ಹುಡುಕ್ತದ, ಅಂಥದ್ದು ಊರಾಗಿಲ್ಲ. ಪಿಎಚ್‌ಪಿ ಅಂತ ಹೇಳಿ ಓಡಿಸಿದಾಗ ಪಿಎಚ್‌ಪಿನೇ ಆ ಸಾಲು ನುಂಗ್ತದ, ಅದಕ್ಕ ಆವಾಗ ತಕರಾರಿಲ್ಲ. ಡಾಸ್‌2ಯುನಿಕ್ಸ್ ಕಮಾಂಡ್ ಹೊಡಿ, ಸಾಫ್ ಆಗ್ತದ. ಗಿಟ್ (ಕೋಡಿನ ಬದಲಾವಣಿ ಲೆಕ್ಕ ಇಡೋದು) ಬಳಸ್ತಿದ್ರ .ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ದಾಗ ‘ಇಓಎಲ್=ಎಲ್‌ಎಫ್’ ಅಂತ ಒಂದೇ ಸಲ ಬರೆದಿಡು. ಮತ್ತ ಹಳೇ ನೋಟ್‌ಪ್ಯಾಡ್‌ದಾಗ ಯುಟಿಎಫ್-8 ಅಂತ ಸೇವ್ ಮಾಡಿದ್ರ ಫೈಲಿನ ತಲಿಗೆ ಬಿಓಎಂ ಅಂತ ಮೂರು ಬೈಟ್ ಕುಂದರಸ್ತದ, ಅದೂ ಶೆಬ್ಯಾಂಗ್ ಕೆಡಸ್ತದ. ಡ್ರೈವರ್ ವಿಷಯ ನಂಗೂ ತಿಳಿವಲ್ದು. ನಮ್ಮಲ್ಲಿ ಎರಡೂ ಸರ್ವರ್ ಒಂದೇ ಥರ ಅವ, ಅದಕ್ಕ ನಂಗ ಇದು ಬಿದ್ದಿಲ್ಲ.

ಹಳೇಟರ್ಮಿನಲ್, ಊರು ಕಲಬುರಗಿ, ಹೊಟ್ಟೆಪಾಡು ಪುಣೆ

ತಮ್ಮಾ, ಶೆಬ್ಯಾಂಗ್ ಸದ್ಯ ಪಕ್ಕಕ್ಕಿಡು. ವಿಂಡೋಸ್‌ಗೆ ಅದರ ಗರಜಿಲ್ಲ, ಕ್ರಾನ್‌ದಾಗ ಹೆಂಗೂ ಪಿಎಚ್‌ಪಿಯ ಪೂರ್ತಿ ದಾರಿ ಕೊಡೋದೇ ಛಲೋ. ನೀನು ಮೂರು ಕಡೆ ಓಡಸ್ತಿರೋದು ಒಂದೇ ಪಿಎಚ್‌ಪಿ ಅಂದುಕೊಂಡೀ, ಎಲ್ಲಾ ತೊಡಕೂ ಅಲ್ಲೇ ಹುಟ್ಟಿದ್ದು. ನನ್ನ ಲೆಕ್ಕದಾಗ ನಿನ್ನ ಹತ್ರ ಕಡಿಮೆ ಅಂದ್ರೂ ಐದು ಪಿಎಚ್‌ಪಿ ಅವ.

ನಾ ಹೇಳಿದ್ದು ನಂಬಬ್ಯಾಡ, ಮೊದಲು ಜಾತಕ ತೆಗಿ. ‘ಜಾತಕ.ಪಿಎಚ್‌ಪಿ’ ಅಂತ ಒಂದು ಸಣ್ಣ ಫೈಲ್ ಮಾಡು. ಅದರಾಗ ಇಷ್ಟು ಬರೆಸು: ಪಿಎಚ್‌ಪಿ_ಎಸ್‌ಎಪಿಐ (ಪಿಎಚ್‌ಪಿ ಯಾವ ರೂಪದಾಗ ಓಡ್ತದ), ಪಿಎಚ್‌ಪಿ_ವರ್ಷನ್, ಪಿಎಚ್‌ಪಿ_ಬೈನರಿ (ಓಡ್ತಿರೋ ಪಿಎಚ್‌ಪಿ ಫೈಲಿನ ದಾರಿ), ಗೆಟ್‌ಸಿಡಬ್ಲ್ಯೂಡಿ (ಈಗ ನಿಂತ ಫೋಲ್ಡರ್), ಪಿಎಚ್‌ಪಿ_ಐಎನ್‌ಐ_ಲೋಡೆಡ್_ಫೈಲ್ (ಓದಿದ ಸೆಟ್ಟಿಂಗ್ ಫೈಲ್), ಈಗಿನ ವೇಳೆ, ಪಿಡಿಓ_ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಶನ್ (ಡೇಟಾಬೇಸಿನ ಡ್ರೈವರ್) ಲೋಡ್ ಆಗ್ಯದೋ ಇಲ್ಲೋ. ಪರದೆ ಮೇಲೆ ತೋರಿಸೋದು ಬ್ಯಾಡ, ಫೈಲ್ ಹೆಸರಿನ ಮೊದಲಿಗೆ __ಡಿಐಆರ್__ (ಸ್ಕ್ರಿಪ್ಟ್ ಇರೋ ಫೋಲ್ಡರ್) ಹಚ್ಚಿ ಅದೇ ಫೋಲ್ಡರ್‌ದಾಗ ಒಂದು ಲಾಗ್‌ಗೆ ಸೇರಿಸ್ತಾ ಹೋಗ್ಲಿ. ಆಮೇಲೆ ಮೂರೂ ಕಡೆ ಕೈಯಿಂದ ಒಮ್ಮೆ, ಕ್ರಾನ್ ಅಥವಾ ಶೆಡ್ಯೂಲರ್‌ನಿಂದ ಒಮ್ಮೆ, ಬ್ರೌಸರಿಂದ ಒಮ್ಮೆ ಓಡಿಸು. ಆದ ಕೂಡ್ಲೇ ಫೈಲ್ ಅಳಿಸು, ಬ್ರೌಸರ್‌ಗೆ ಸಿಗೋ ಜಾಗದಾಗ ಜಾತಕ ಬಿಟ್ಟು ಮಲಗಬಾರ್ದು. ಬಂದದ್ದನ್ನ ಇಲ್ಲಿ ಹಾಕು.

ಗಂಜ್‌ಹುಡುಗ

ಅಣ್ಣಾರೆ, ತೆಗ್ದೆ. ನೋಡಿ ನಂಗೇ ಗಾಬರಿ ಆತು.

ಮಿಲ್ಲು: ಕೈಯಿಂದ ಮತ್ತ ಶೆಡ್ಯೂಲರ್‌ನಿಂದ ಎರಡೂ ಸಲ ಸಿಎಲ್‌ಐ (ಕಮಾಂಡ್ ಲೈನಿನ ಪಿಎಚ್‌ಪಿ), ವರ್ಷನ್ ಒಂದೇ. ಆದ್ರ ಗೆಟ್‌ಸಿಡಬ್ಲ್ಯೂಡಿ ಕೈಯಿಂದ ಓಡಿಸಿದಾಗ ನನ್ನ ಪ್ರೋಗ್ರಾಂ ಫೋಲ್ಡರ್, ಶೆಡ್ಯೂಲರ್‌ದಾಗ ಸಿಸ್ಟಂ32.

ಅಡತ್ ಅಂಗಡಿ: ಕ್ರಾನ್‌ದಾಗ ಎಸ್‌ಎಪಿಐ ಅಂದ್ರ ‘ಸಿಜಿಐ-ಎಫ್‌ಸಿಜಿಐ’! ನಾನು ಕ್ರಾನ್‌ದಾಗ ಬರೀ ‘ಪಿಎಚ್‌ಪಿ’ ಅಂತ ಬರ್ದಿದ್ದೆ.

ಆಳಂದ: ಕ್ರಾನ್‌ದಾಗ ಸಿಎಲ್‌ಐ, ವರ್ಷನ್ 8.3, ಪಿಡಿಓ_ಮೈಎಸ್‌ಕ್ಯೂಎಲ್ ಇಲ್ಲ. ಬ್ರೌಸರ್‌ದಾಗ ‘ಎಫ್‌ಪಿಎಂ-ಎಫ್‌ಸಿಜಿಐ’, ವರ್ಷನ್ 8.1, ಪಿಡಿಓ_ಮೈಎಸ್‌ಕ್ಯೂಎಲ್ ಅದ. ಐಎನ್‌ಐ ಫೈಲೂ ಬ್ಯಾರೆ ಬ್ಯಾರೆ. ಕ್ರಾನಿನ ಗೆಟ್‌ಸಿಡಬ್ಲ್ಯೂಡಿ /ರೂಟ್ ಅಂತದ. ವೇಳೆ ನೋಡಿದ್ರ ಮಧ್ಯಾಹ್ನ ಊಟದ ಹೊತ್ತಿಗೆ ಮುಂಜಾನೆ 8 ಅಂತ ತೋರಸ್ತದ.

ಒಂದು ಮಾತು ಹೇಳ್ಲಾಕ ಮರ್ತಿದ್ದೆ. ಸ್ಕ್ರಿಪ್ಟ್ ಪಬ್ಲಿಕ್_ಎಚ್‌ಟಿಎಂಎಲ್ ಒಳಗೇ ಅದ. ಹೊರಗಿನವ್ರು ಓಡಸಬಾರ್ದಂತ ಮ್ಯಾಲೇನೇ ‘ಎಸ್‌ಎಪಿಐ ಸಿಎಲ್‌ಐ ಅಲ್ಲಂದ್ರ ಸುಮ್ಮನೆ ಹೊರಗ ಹೋಗು’ ಅಂತ ಕಾವಲು ಹಾಕಿದ್ದೆ. ಆಳಂದದಾಗ ಕರ್ಲ್ ನಡೀಬೇಕಂತ ಅಲ್ಲಿಂದಷ್ಟೇ ಅದನ್ನ ತೆಗ್ದೆ (ಕೋಡ್ ಒಂದೇ ಅಂದಿದ್ದೆ, ಇದೊಂದೇ ಫರಕ್). ತೆಗೆದ ಮ್ಯಾಲೆ ಅಕ್ಸೆಸ್ ಲಾಗ್ ನೋಡಿದ್ರ ರಾತ್ರಿ 2ಕ್ಕ ಯಾವುದೋ ಬಾಟ್ ಬಂದು ಪಟ್ಟಿ ಓಡಿಸಿ ಹೋಗ್ಯದ.

ಹಳೇಟರ್ಮಿನಲ್

ಹೇಳಿದ್ನಲ್ಲ. ಈಗ ಒಂದೊಂದೇ ಬಿಡಿಸೋಣು.

ಆಳಂದದ ಡ್ರೈವರ್ ಮೊದಲು, ಯಾಕಂದ್ರ ಅದರಾಗೇ ಜನ ಹೆಚ್ಚು ದಿನ ಕಳೀತಾರ. ಉಬುಂಟು, ಡೆಬಿಯನ್‌ದಾಗ ಒಂದೇ ಮಷೀನ್ ಮೇಲೆ ನಾಲ್ಕು ವರ್ಷನ್ ಪಿಎಚ್‌ಪಿ ಪಕ್ಕಪಕ್ಕ ಕುಂದರ್ತಾವ. ಯಾರೋ ಒಮ್ಮೆ ಅಪ್‌ಗ್ರೇಡ್ ಮಾಡುವಾಗ 8.3 ಬಂದದ. ಬರೀ ‘ಪಿಎಚ್‌ಪಿ’ ಅಂದ್ರ ಸಾಮಾನ್ಯವಾಗಿ ಎಲ್ಲಕ್ಕಿಂತ ಹೊಸಾದ್ದು ಸಿಗ್ತದ. ಎಂಜಿನ್‌ಎಕ್ಸ್ ಮಾತ್ರ ತನ್ನ ಸೆಟ್ಟಿಂಗಿನ ಸಾಕೆಟ್ (ಎಫ್‌ಪಿಎಂ ಜೊತೆ ಮಾತಾಡೋ ದಾರಿ) ಸಾಲಿನಾಗ ಬರೆದ 8.1ನ್ನೇ ಹಿಡಕೊಂಡು ಕುಂತದ. 8.1ಗೆ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಹಾಕ್ಯಾರ, 8.3ಗೆ ಹಾಕಿಲ್ಲ. ಅದಕ್ಕ ಬ್ರೌಸರ್‌ದಾಗ ಡ್ರೈವರ್ ಅದ, ಕ್ರಾನ್‌ದಾಗ ಇಲ್ಲ. ಎರಡೂ ಖರೆ. ಕ್ರಾನ್‌ದಾಗ /ಯುಎಸ್‌ಆರ್/ಬಿನ್/ಪಿಎಚ್‌ಪಿ8.1 ಅಂತ ಪೂರ್ತಿ ಬರಿ, ಅಷ್ಟೇ. ಒಂದು ನೆನಪಿಡು: ವರ್ಷನ್ ಒಂದೇ ಆದ್ರೂ ಐಎನ್‌ಐ ಫೈಲ್ ಬೇರೆನೇ. /ಇಟಿಸಿ/ಪಿಎಚ್‌ಪಿ/8.1 ಒಳಗೆ ಸಿಎಲ್‌ಐ ಅಂತ ಒಂದು ಫೋಲ್ಡರ್, ಎಫ್‌ಪಿಎಂ ಅಂತ ಇನ್ನೊಂದು. ನೀನು ಎಫ್‌ಪಿಎಂದಾಗ ಮೆಮೊರಿ ಲಿಮಿಟ್ ಏರಿಸಿದ್ರ ಕ್ರಾನ್‌ಗೆ ಅದರ ಗಾಳಿನೂ ತಾಕಲ್ಲ.

ಅಡತ್ ಅಂಗಡೀದು ಇನ್ನೂ ಮಜಾ ಅದ. ಅಲ್ಲಿ ‘ಪಿಎಚ್‌ಪಿ’ ಅಂದ್ರ ಸಿಕ್ಕದ್ದು ಸಿಜಿಐ ಬೈನರಿ. ಅದು ವೆಬ್ ಸರ್ವರ್ ಹಿಂದೆ ಕುಂದ್ರಲಿಕ್ಕೆ ಹುಟ್ಟಿದ್ದು, ಹಿಂಗಾಗಿ ಬಾಯಿ ತೆಗೆದ ಕೂಡ್ಲೇ ಹೆಡರ್ ಹೇಳ್ತದ. ನಿನ್ನ ಮೇಲ್‌ದಾಗಿನ ‘ಕಂಟೆಂಟ್-ಟೈಪ್’ ಸಾಲು ಅದೇ. ಆಮೇಲೆ ನಿನ್ನ ಕಾವಲುಗಾರ ‘ನೀ ಸಿಎಲ್‌ಐ ಅಲ್ಲ’ ಅಂತ ಹೊರಗ ಹಾಕ್ಯಾನ. ಅವನ ತಪ್ಪೂ ಇಲ್ಲ. ನಾವು ಕೆಲಸಕ್ಕೆ ಸೇರಿದಾಗ ಸಿಎಲ್‌ಐ ಅನ್ನೋದೇ ಹೊಸಾದು. 2002ರ ಕೊನೀಗೆ 4.3 ಬಂದಾಗ ಅದು ಪ್ರಯೋಗದ ಹಂತ ದಾಟಿತು. ಅದಕ್ಕೂ ಮೊದಲು ಸಿಜಿಐ ಬೈನರಿಗೇ ‘-ಕ್ಯೂ’ ಹಚ್ಚಿ ಬಾಯಿ ಮುಚ್ಚಿಸಿ ಓಡಸ್ತಿದ್ವಿ. ಆ ಕಾಲದ ಪಳೆಯುಳಿಕೆ ಇನ್ನೂ ಎಷ್ಟೋ ಹೋಸ್ಟಿಂಗ್‌ದಾಗ ಅದ. ಹೋಸ್ಟಿಂಗ್ ನಡಸೋ ಸಿಪ್ಯಾನೆಲ್ ಇದ್ದಲ್ಲಿ ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಬಿನ್/ಪಿಎಚ್‌ಪಿ ಅಂದ್ರ ಸಿಎಲ್‌ಐ ಸಿಗ್ತದ. ಹಾಕಿ ಜಾತಕ ಮತ್ತೊಮ್ಮೆ ತೆಗಿ.

ಈಗ ನಿನಗ ತಲೆ ಕೆಡಿಸಿದ ಮಾತು: ಅಡತ್ ಅಂಗಡಿಯೊಳಗೆ ಫೈಲಿನ ದಾರಿಯ ತಕರಾರೇ ಬಂದಿರಲಿಕ್ಕಿಲ್ಲ, ಮಿಲ್ಲಿನಾಗ ಬಂತು, ಹೌದಲ್ಲೋ? ಸಿಜಿಐ ಏನು ಮಾಡ್ತದಂದ್ರ, ಸ್ಕ್ರಿಪ್ಟ್ ಇರೋ ಫೋಲ್ಡರಿಗೆ ತಾನೇ ನಡೆದು ಹೋಗಿ ಆಮೇಲೆ ಕೆಲಸ ಸುರು ಮಾಡ್ತದ. ಸಿಎಲ್‌ಐ ಹಂಗಲ್ಲ, ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ನಿಂತು ಕೆಲಸ ಮಾಡ್ತದ. ಶೆಡ್ಯೂಲರ್ ಅದನ್ನ ಸಿಸ್ಟಂ32ದಾಗ ನಿಲ್ಲಸ್ತದ, ಕ್ರಾನ್ ಆಯಾ ಬಳಕೆದಾರನ ಮನೀಯಾಗ ನಿಲ್ಲಸ್ತದ. ನೀನು ಬರೀ ‘ಪಟ್ಟಿ/ಇವತ್ತು.ಸಿಎಸ್‌ವಿ’ ಅಂತ ಬರೆದ್ರ ಅದು ನಿಂತ ಜಾಗದಿಂದ ಲೆಕ್ಕ ಹಾಕ್ತದ. ಮಿಲ್ಲಿನಾಗ ‘ಹೈಯೆಸ್ಟ್ ಪ್ರಿವಿಲೇಜ್’ ಟಿಕ್ ಹಾಕಿರಬೇಕು, ಇಲ್ಲಂದ್ರ ಸಿಸ್ಟಂ32ದಾಗ ಬರೀಲಿಕ್ಕೆ ಬಿಡ್ತಿರಲಿಲ್ಲ, ಎರರ್ ಬಂದು ನಿಂಗ ಎರಡು ದಿನ ಉಳೀತಿತ್ತು. ಶೆಡ್ಯೂಲರ್‌ದಾಗ ‘ಸ್ಟಾರ್ಟ್ ಇನ್’ ಅಂತ ಒಂದು ಖಾನೆ ಅದ, ಅಲ್ಲಿ ಫೋಲ್ಡರ್ ತುಂಬಬಹುದು. ಆದ್ರ ಅದನ್ನ ನಂಬಬ್ಯಾಡ, ನಾಳೆ ಬೇರೆಯವ್ರು ಹೊಸಾ ಟಾಸ್ಕ್ ಮಾಡಿ ಆ ಖಾನೆ ಖಾಲಿ ಬಿಡ್ತಾರ. ಸ್ಕ್ರಿಪ್ಟಿನಾಗೇ ಪ್ರತಿ ದಾರಿಗೂ __ಡಿಐಆರ್__ ಹಚ್ಚು. ಬೇರೆ ಫೈಲ್ ಸೇರಿಸೋ ರಿಕ್ವೈರ್‌ಗೂ ಹಚ್ಚು. ವಿಂಡೋಸ್‌ದಾಗ ಹಿಮ್ಮುಖ ಗೀಟು ಹಾಕ್ಬೇಕಂತಿಲ್ಲ, ಪಿಎಚ್‌ಪಿಗೆ ಮುಂದಿನ ಗೀಟೇ ಎರಡೂ ಕಡೆ ನಡೀತದ.

ಎರರ್ ಬರೀಲಿಕ್ಕೆ ಎಸ್‌ಟಿಡಿಇಆರ್‌ಆರ್ ಅನ್ನೋ ಕಾನ್‌ಸ್ಟಂಟ್ ಬಳಸೀಯೇನು? ಅದು ಸಿಎಲ್‌ಐದಾಗ ಮಾತ್ರ ಹುಟ್ಟಿಕೊಂಡಿರ್ತದ. ಪಿಎಚ್‌ಪಿ 8 ಮೇಲೆ ಸಿಜಿಐ ಸಿಕ್ಕರೆ ಅಲ್ಲೇ ಸಾಯ್ತದ. ಎಫ್‌ಓಪನ್‌ನಿಂದ ‘ಪಿಎಚ್‌ಪಿ://ಎಸ್‌ಟಿಡಿಇಆರ್‌ಆರ್’ ತೆರಿ, ಎಲ್ಲಾ ಕಡೆ ಬದುಕ್ತದ. ವೇಳೆಯ ಮಿತಿನೂ ಹಂಗೇ. ಸಿಎಲ್‌ಐಗೆ ಮಿತಿ ಇಲ್ಲ, ಸಿಜಿಐಗೆ ಐಎನ್‌ಐದಾಗಿನ 30 ಸೆಕೆಂಡ್ ಹತ್ತಿಕೊಳ್ತದ. ಸೆಟ್_ಟೈಮ್_ಲಿಮಿಟ್(0) ಅಂತ ಮೊದಲೇ ಬರೆದಿಡು.

ಕಾವಲು: ಎಸ್‌ಎಪಿಐ ನೋಡಿ ಒಳಗ ಬಿಡೋದು ಕೊನೆಯ ಬಾಗಿಲು ಇರಬೇಕು, ಮೊದಲನೇದಲ್ಲ. ಸ್ಕ್ರಿಪ್ಟನ್ನ ಪಬ್ಲಿಕ್_ಎಚ್‌ಟಿಎಂಎಲ್‌ನಿಂದ ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಎತ್ತು. ಯುಆರ್‌ಎಲ್ಲೇ ಇಲ್ಲಂದ್ರ ಬಾಟ್ ಎಲ್ಲಿಂದ ಬರ್ತದ? ಅದರ ಮೇಲೂ ಬೇಕಂದ್ರ ‘ರಿಕ್ವೆಸ್ಟ್_ಮೆಥಡ್ ಅದ ಅಂದ್ರ ಹೊರಗ ಹೋಗು’ ಅಂತ ಬರಿ. ಬ್ರೌಸರಿಂದ ಬಂದ್ರ ಅದು ಇದ್ದೇ ಇರ್ತದ, ಕ್ರಾನ್‌ನಿಂದ ಬಂದ ಸಿಜಿಐಗೂ ಸಿಎಲ್‌ಐಗೂ ಇರಲ್ಲ. ಎಆರ್‌ಜಿವಿ (ಕಮಾಂಡಿನ ಜೊತೆ ಕೊಟ್ಟ ಪದಗಳು) ಅದ ಅಂದ್ರ ಕಮಾಂಡ್ ಲೈನ್ ಅಂತ ಕೆಲವರು ತಿಳೀತಾರ, ಅದು ಅಪಾಯ. ಕೆಲವು ಸೆಟ್ಟಿಂಗ್‌ದಾಗ ಯುಆರ್‌ಎಲ್ಲಿನ ಪ್ರಶ್ನೆ ಚಿಹ್ನೆಯ ಮುಂದಿನದ್ದನ್ನೂ ಪಿಎಚ್‌ಪಿ ಎಆರ್‌ಜಿವಿಗೆ ತುಂಬ್ತದ.

504 ಯಾಕೆ ಬಂತು ಅಂತೀ. ಎಂಜಿನ್‌ಎಕ್ಸ್ ಎಫ್‌ಪಿಎಂ ಉತ್ತರಕ್ಕೆ ಕಾಯೋದು ಡಿಫಾಲ್ಟ್ ಆಗಿ 60 ಸೆಕೆಂಡ್. ಎಸ್ಸೆಮ್ಮೆಸ್ ಒಂದೊಂದೇ ಹೋಗ್ತಾವ, ನೂರಾರು ಚೀಟಿ ಇದ್ರ 60 ಸೆಕೆಂಡ್ ಎಲ್ಲಿ ಸಾಲ್ತದ? ಎಂಜಿನ್‌ಎಕ್ಸ್ ಕೈ ಬಿಡ್ತು, ಆದ್ರ ಒಳಗೆ ಪಿಎಚ್‌ಪಿ ಇನ್ನೂ ಓಡ್ತಾನೇ ಇತ್ತು. ಮುನೀಮ ಎರಡನೇ ಸಲ ಒತ್ತಿದಾಗ ಮೊದಲನೇದು ಮುಗಿದಿರಲಿಲ್ಲ. ಅದಕ್ಕೇ ಎರಡೆರಡು. ಟೈಮ್‌ಔಟ್ ಏರಸೋದು ಉಪಾಯ ಅಲ್ಲ, ಕರ್ಲ್ ಬಿಟ್ಟು ನೇರ ಸಿಎಲ್‌ಐ ಹಿಡಿ. ಮತ್ತೆ ಸ್ಕ್ರಿಪ್ಟಿನ ಸುರುವಿನಾಗೇ ಒಮ್ಮೆಗೆ ಒಂದೇ ಓಡಲಿ ಅಂತ ಒಂದು ಲಾಕ್ ಫೈಲ್ ತೆರೆದು ಪಿಎಚ್‌ಪಿಯ ಎಫ್‌ಲಾಕ್ ಹಾಕು, ಕಾಯದಿರೋ ಥರದ್ದು. ಸಿಗಲಿಲ್ಲಂದ್ರ ‘ಇನ್ನೊಂದು ಓಡ್ಲತ್ತದ’ ಅಂತ ಲಾಗ್ ಬರೆದು ಹೊರಗ ಬಾ. ಲಾಕ್ ಫೈಲ್ ಇದ್ದದ್ದು ನೋಡಿ ನಿಲ್ಲೋದು, ಮುಗಿದ ಮೇಲೆ ಅಳಿಸೋದು ಅಂತ ಮಾತ್ರ ಮಾಡಬ್ಯಾಡ. ಗಂಜ್‌ದಾಗ ಕರೆಂಟ್ ಹೋಯ್ತಂದ್ರ ಫೈಲ್ ಹಂಗೇ ಉಳೀತದ, ಮರುದಿನದಿಂದ ಪಟ್ಟಿ ಬಂದ್. ಎಫ್‌ಲಾಕ್ ಆದ್ರ ಪ್ರೋಗ್ರಾಂ ಸತ್ತರೆ ಲಾಕೂ ತಾನೇ ಬಿಡ್ತದ. ವಿಂಡೋಸ್‌ದಾಗೂ ಅದೇ ಸಾಲು ನಡೀತದ.

ಲಾಕ್ ಇದ್ರೂ ಒಂದು ಮಾತು. ಪ್ರತಿ ಚೀಟಿಗೆ ‘ಎಸ್ಸೆಮ್ಮೆಸ್ ಹೋಗ್ಯದ’ ಅನ್ನೋ ಒಂದು ಖಾನೆ ಇಟ್ಟು, ಕಳಿಸಿದ ಕೂಡ್ಲೇ ತುಂಬು. ಅರ್ಧಕ್ಕೆ ನಿಂತ್ರೂ ಮತ್ತೆ ಓಡಿಸಿದಾಗ ಉಳಿದವರಿಗೆ ಮಾತ್ರ ಹೋಗ್ತದ. ಆ ಹಿರಿಯ ಮತ್ತೆ ಬಂದು ನಗಬಾರ್ದಲ್ಲ.

ಕೊನೀಗೆ ಗಡಿಯಾರ. ನಿನ್ನ ವಿಪಿಎಸ್ ಯುಟಿಸಿ ಅನ್ನೋ ಜಾಗತಿಕ ವೇಳೆದಾಗ ಅದ, ನಮ್ಮಕಿಂತ ಐದೂವರೆ ತಾಸು ಹಿಂದೆ. ಅಲ್ಲಿ 6 ಅಂತ ಬರೆದ್ರ ನಮಗೆ 11:30. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಏಷ್ಯಾ/ಕೋಲ್ಕತಾ ಮಾಡಿ ಕ್ರಾನ್ ರೀಸ್ಟಾರ್ಟ್ ಮಾಡು. ಶೇರ್ಡ್ ಹೋಸ್ಟಿಂಗ್‌ದಾಗ ಆ ಅಧಿಕಾರ ನಿಂಗಿಲ್ಲ, ಅಲ್ಲಿನ ಗಡಿಯಾರವೂ ಯುಟಿಸಿ ಇದ್ರ ಕ್ರಾನ್‌ದಾಗ 0 ತಾಸು 30 ನಿಮಿಷ ಅಂತ ಬರಿ. ಸ್ಕ್ರಿಪ್ಟಿನಾಗ ಡೇಟ್_ಡಿಫಾಲ್ಟ್_ಟೈಮ್‌ಝೋನ್_ಸೆಟ್ ಎರಡೂ ಕಡೆ ಬೇಕೇ ಬೇಕು. ಇದು ಬರೀ ಅಲಂಕಾರ ಅಲ್ಲ. ಸೀಜನ್‌ದಾಗ ಪಟ್ಟಿ ಲಗೂ ಬೇಕಂತ ಮುಂಜಾನೆ 5ಕ್ಕ ಇಟ್ಟೆ ಅಂತ ಇಟ್ಕೋ, ಯುಟಿಸಿದಾಗ ಅದು ಹಿಂದಿನ ದಿನ ರಾತ್ರಿ 11:30. ‘ನಿನ್ನೆ’ ಅಂತ ಕೇಳಿದ್ರ ಸ್ಕ್ರಿಪ್ಟು ಮೊನ್ನೆಯ ಪಟ್ಟಿ ತೆಗೀತದ. ಎರರ್ ಬರಲ್ಲ, ಅಂಕಿಗಳೂ ಚಂದ ಇರ್ತಾವ, ದಿನ ಮಾತ್ರ ತಪ್ಪು.

ಶಹಾಪುರದವ, ಯಾದಗಿರಿ

ನೀವೆಲ್ಲಾ ಯಾಕ ಇಷ್ಟು ಹೆಣಗಾಡ್ತೀರಿ? ಡಾಕರ್ (ಪ್ರೋಗ್ರಾಂ ಜೊತಿ ಅದಕ್ಕ ಬೇಕಾದ್ದೆಲ್ಲಾ ಒಂದೇ ಡಬ್ಬಿಗೆ ಹಾಕಿ ಓಡಸೋದು) ಹಾಕ್ರಿ. ಒಂದೇ ಇಮೇಜ್, ಒಂದೇ ಪಿಎಚ್‌ಪಿ, ಎಲ್ಲಾ ಕಡಿ ಒಂದೇ.

ಗಂಜ್‌ಹುಡುಗ

ಅಣ್ಣಾ, ಶೇರ್ಡ್ ಹೋಸ್ಟಿಂಗ್‌ದಾಗ ಡಾಕರ್ ಯಾರು ಬಿಡ್ತಾರ? ಮಿಲ್ಲಿನ ಕಂಪ್ಯೂಟರ್‌ದಾಗ 4 ಜಿಬಿ ರ‍್ಯಾಮ್, ಅದರಾಗ ಟ್ಯಾಲಿ ಓಡ್ತದ, ಸಾವ್ಕಾರ್ರ ಮೊಮ್ಮಗ ಯೂಟ್ಯೂಬ್ ನೋಡ್ತಾನ. ಡಾಕರ್ ಎಲ್ಲಿ ಕುಂದರಸ್ಲಿ?

ಶಹಾಪುರದವ

ಹೌದು, ಶೇರ್ಡ್ ಅಂತ ಓದೇ ಇದ್ದಿಲ್ಲ, ತಪ್ಪು ನಂದೇ. ಹಂಗಾದ್ರ ನಂದೂ ಎರಡು ಏಟಿನ ಅನುಭವ ತಗೋರಿ. ಕ್ರಾನ್ ಸಾಲಿನಾಗ ಲಾಗ್ ಫೈಲ್ ಹೆಸರಿಗೆ ತಾರೀಖು ಹಚ್ಚಬೇಕಂತ ಡೇಟ್ ಕಮಾಂಡಿನ ಪರ್ಸೆಂಟ್ ಚಿಹ್ನೆ ಬರ್ದಿದ್ದೆ. ಕ್ರಾನ್‌ಗೆ ಪರ್ಸೆಂಟ್ ಅಂದ್ರ ಹೊಸ ಸಾಲು. ಕಮಾಂಡ್ ಅಲ್ಲೇ ಅರ್ಧಕ್ಕ ಕಡಿತದ. ಪರ್ಸೆಂಟಿನ ಮೊದಲು ಒಂದು ಹಿಮ್ಮುಖ ಗೀಟು ಹಾಕ್ಬೇಕು. ಟರ್ಮಿನಲ್‌ದಾಗ ಓಡಿದ ಸಾಲೇ ಕ್ರಾನ್‌ದಾಗ ಓಡಲಿಲ್ಲ ಅಂತ ಮೂರು ದಿನ ಕುಂತಿದ್ದೆ.

ಇನ್ನೊಂದು, ಗೆಟ್‌ಸಿಡಬ್ಲ್ಯೂಡಿ /ರೂಟ್ ಅಂತ ಬಂದದಂದ್ರ ನೀವು ರೂಟಿನ ಕ್ರಾನ್‌ದಾಗ ಹಾಕೀರಿ. ಸ್ಕ್ರಿಪ್ಟ್ ಮಾಡಿದ ಲಾಗು, ಪಟ್ಟಿ ಎಲ್ಲಾ ರೂಟಿನ ಒಡೆತನಕ್ಕ ಹೋಗ್ತಾವ. ಆಮ್ಯಾಲೆ ವೆಬ್ ಪೇಜ್ ಅದೇ ಲಾಗ್‌ಗೆ ಬರೀಲಾಕ ಹೋದ್ರ ‘ಪರ್ಮಿಶನ್ ಡಿನೈಡ್’. ಎಫ್‌ಪಿಎಂ ಯಾವ ಬಳಕೆದಾರನ ಹೆಸರಿನಾಗ ಓಡ್ತದೋ ಅವನ ಕ್ರಾನ್‌ದಾಗೇ ಹಾಕ್ರಿ. ಉಬುಂಟುದಾಗ ಸಾಮಾನ್ಯವಾಗಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ‘ಕ್ರಾನ್‌ಟ್ಯಾಬ್ -ಯು’ ಹಚ್ಚಿ ಆ ಹೆಸರು ಕೊಟ್ರ ತೆರೀತದ.

ಗಂಜ್‌ಹುಡುಗ

ಮೂರು ದಿನ ಆತು ಬರೀದೆ, ತಪ್ಪು ತಿಳೀಬ್ಯಾಡ್ರಿ. ಎಳ್ಳಮಾಸಿ ಇತ್ತು, ಹೊಲಕ್ಕ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದೆ. ಹೊಲದಾಗ ಕುಂತಿದ್ದಾಗೇ ಮೂರೂ ಕಡಿ ಪಟ್ಟಿ ಬಂದದ್ದು ಫೋನಿಗೆ ಬಂತು.

ಏನು ಮಾಡ್ದೆ ಅಂದ್ರ, ಹಳೇಟರ್ಮಿನಲ್ ಅಣ್ಣಾ ಹೇಳಿದಂಗ ಸ್ಕ್ರಿಪ್ಟ್ ಹೊರಗ ಎತ್ತಿದೆ, ದಾರಿಗೆಲ್ಲಾ __ಡಿಐಆರ್__ ಹಚ್ಚಿದೆ. ಊರಿಂದೂರಿಗೆ ಬದಲಾಗೋದನ್ನೆಲ್ಲಾ (ಡೇಟಾಬೇಸ್ ಹೆಸರು, ಪಾಸ್‌ವರ್ಡ್, ಪಟ್ಟಿ ಇಡೋ ಫೋಲ್ಡರ್, ಹಮಾಲಿ ದರ) ‘ಠಿಕಾಣಿ.ಪಿಎಚ್‌ಪಿ’ ಅನ್ನೋ ಒಂದೇ ಫೈಲಿಗೆ ಹಾಕಿ ಗಿಟ್‌ನಿಂದ ಹೊರಗ ಇಟ್ಟೆ. ಮೊದಲು ಅದನ್ನ ಎನ್ವಿರಾನ್‌ಮೆಂಟ್ ವೇರಿಯಬಲ್‌ದಾಗ ಇಡಬೇಕಂತ ಮಾಡಿದ್ದೆ, ಟರ್ಮಿನಲ್ ತೆರೆದಾಗ ಓದೋ ಬ್ಯಾಶ್‌ಆರ್‌ಸಿ ಫೈಲ್‌ದಾಗ ಬರ್ದೂ ಬಿಟ್ಟಿದ್ದೆ. ಕ್ರಾನ್ ಅದನ್ನ ಓದಂಗೇ ಇಲ್ಲ ಅಂತ ಆಮ್ಯಾಲೆ ತಿಳೀತು. ಆಳಂದದಾಗ ಇನ್ನೊಂದು ಸಣ್ಣ ಪೆಟ್ಟು ಬಿತ್ತು. ಡೇಟಾಬೇಸ್ ಹೋಸ್ಟ್ ‘ಲೋಕಲ್‌ಹೋಸ್ಟ್’ ಅಂತ ಇತ್ತು, ಸಿಎಲ್‌ಐ ಐಎನ್‌ಐದಾಗ ಯಾರೋ ಸಾಕೆಟ್ಟಿನ ದಾರಿ ಬ್ಯಾರೆ ಬರ್ದಿದ್ರು, ‘ನೋ ಸಚ್ ಫೈಲ್’ ಅಂತು. 127.0.0.1 ಅಂತ ಬರ್ದ ಮ್ಯಾಲೆ ಸಾಕೆಟ್ ಬಿಟ್ಟು ಟಿಸಿಪಿ ಹಿಡೀತು, ಸರಿ ಹೋತು.

ಈಗ ಒಂದು ಉಳೀತು. ವೆಬ್ ಪೇಜಿನಾಗ ಮುನೀಮಗ ‘ಈಗಲೇ ಪಟ್ಟಿ ತೆಗಿ’ ಅನ್ನೋ ಬಟನ್ ಅದ. ಅದು ಒಳಗಿಂದ ಎಕ್ಸೆಕ್ (ಪಿಎಚ್‌ಪಿಯಿಂದಲೇ ಕಮಾಂಡ್ ಓಡಸೋದು) ಹಾಕಿ, ಪಿಎಚ್‌ಪಿ_ಬೈನರಿ ತಗೊಂಡು ಸ್ಕ್ರಿಪ್ಟ್ ಓಡಸ್ತದ. ಶೇರ್ಡ್‌ದಾಗ ಎಕ್ಸೆಕ್ ಬಂದ್ ಮಾಡ್ಯಾರ. ಆಳಂದದಾಗ ಎಕ್ಸೆಕ್ ಅದ, ಆದ್ರ ಏನೂ ಆಗವಲ್ದು.

ಹಳೇಟರ್ಮಿನಲ್

ಆಳಂದದಾಗ ವೆಬ್ ಪೇಜ್ ಒಳಗಿಂದ ಪಿಎಚ್‌ಪಿ_ಬೈನರಿ ಕೇಳಿದ್ರ ಅದು /ಯುಎಸ್‌ಆರ್/ಎಸ್‌ಬಿನ್/ಪಿಎಚ್‌ಪಿ-ಎಫ್‌ಪಿಎಂ8.1 ಅಂತದ. ನಿನ್ನ ಜಾತಕದಾಗೇ ಬಂದಿರಬೇಕು, ನೋಡು. ಅದು ಸರ್ವರ್, ಸ್ಕ್ರಿಪ್ಟ್ ಓಡಸೋದಲ್ಲ. ಆ ಹೆಸರಿನಾಗಿನ ‘ಎಫ್‌ಪಿಎಂ’ ಕತ್ತರಿಸಿ ಸಿಎಲ್‌ಐ ಊಹೆ ಮಾಡೋ ಕೋಡ್ ನಾನೂ ಒಂದು ಕಾಲಕ್ಕೆ ಬರ್ದೀನಿ. ಈಗ ನೆನೆಸಿದ್ರ ನಾಚಿಕೆ ಬರ್ತದ.

ಎಕ್ಸೆಕ್ ಪೂರಾ ಬಿಟ್ಟುಬಿಡು. ಬಟನ್ ಒತ್ತಿದ್ರ ಡೇಟಾಬೇಸಿನಾಗ ‘ಬೇಡಿಕೆ’ ಅನ್ನೋ ಟೇಬಲ್‌ಗೆ ಒಂದು ಸಾಲು ಸೇರಲಿ: ಯಾರು ಕೇಳಿದ್ರು, ಯಾವ ದಿನದ ಪಟ್ಟಿ, ಸ್ಥಿತಿ ‘ಬಾಕಿ’. ಕ್ರಾನ್ ಐದು ನಿಮಿಷಕ್ಕೊಮ್ಮೆ ಬಂದು ಬಾಕಿ ಸಾಲು ಇದ್ರ ಓಡಸ್ಲಿ, ಮುಗಿದ ಮೇಲೆ ‘ಆಯ್ತು’ ಅಂತ ತಿದ್ದಲಿ. ಲಾಕ್ ಹೆಂಗೂ ಅದ. ವೆಬ್ ಸರ್ವರ್ ಅಪಾಚಿ ಇರಲಿ, ಎಂಜಿನ್‌ಎಕ್ಸ್ ಇರಲಿ, ನಾಳೆ ಮೂರನೇದು ಬರಲಿ, ಬಟನ್‌ಗೆ ಅದರ ಗೊಡವೆನೇ ಇಲ್ಲ, ಟೇಬಲ್‌ಗೆ ಬರೆದ್ರ ಅದರ ಕೆಲಸ ಮುಗೀತು. ಮುನೀಮ ಹತ್ತು ಸಲ ಒತ್ತತಾನ ಅಂತ ಗೊತ್ತಿದ್ದದ್ದೇ. ಅದೇ ದಿನದ್ದು ಬಾಕಿ ಸಾಲು ಮೊದಲೇ ಇದ್ರ ಹೊಸಾದ್ದು ಸೇರಿಸಬ್ಯಾಡ, ‘ಪಟ್ಟಿ ಬರ್ಲತ್ತದ, ಐದು ನಿಮಿಷ ತಡೀರಿ’ ಅಂತ ತೋರಿಸು.

ಗಂಜ್‌ಹುಡುಗ

ಐದು ನಿಮಿಷ ಅಂದ್ರ ಮುನೀಮ ಒಪ್ಪಂಗಿಲ್ಲ ಅಂದ್ಕೊಂಡಿದ್ದೆ. ‘ಒಂದು ಚಾ ಆಗ್ತದ’ ಅಂದ, ಒಪ್ಪಿದ.

ಇವತ್ತು ಮಾತ್ರ ಮಿಲ್ಲಿಂದು ಬರಲಿಲ್ಲರಿ. ಕೋಡ್ ತಪ್ಪಲ್ಲ, ನಸೀಕಿನ್ಯಾಗ 5:50ಕ್ಕ ಕರೆಂಟ್ ಹೋಗಿತ್ತು, ಯುಪಿಎಸ್ ಹತ್ತೇ ನಿಮಿಷ ತಡೀತದ. 6:20ಕ್ಕ ಬಂತು, ಕಂಪ್ಯೂಟರ್ ತಾನೇ ಸುರು ಆತು, ಆದ್ರ ಟಾಸ್ಕ್ ವೇಳೆ ಮೀರಿತ್ತು.

ಬಿದರಿಕುಸುರಿ

ಟಾಸ್ಕ್ ಶೆಡ್ಯೂಲರ್ ತೆರಿ, ಆ ಟಾಸ್ಕಿನ ಸೆಟ್ಟಿಂಗ್ಸ್ ಅನ್ನೋ ಟ್ಯಾಬ್‌ಗೆ ಹೋಗು. ವೇಳೆ ತಪ್ಪಿದ್ರ ಆದಷ್ಟು ಲಗೂ ಓಡಿಸು ಅನ್ನೋ ಅರ್ಥದ ಒಂದು ಟಿಕ್ ಅದ. ಅದು ಹಾಕು. ಜನರಲ್ ಟ್ಯಾಬ್‌ದಾಗ ‘ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು’ ಅನ್ನೋದೂ ಹಾಕು, ಇಲ್ಲಂದ್ರ ನೀ ಬಂದು ಪಾಸ್‌ವರ್ಡ್ ಹೊಡಿಯೋ ತನಕ ಸುಮ್ಮನ ಕುಂದರ್ತದ. ಹೈಯೆಸ್ಟ್ ಪ್ರಿವಿಲೇಜ್ ಟಿಕ್ ಇದ್ರ ಇವಾಗೇ ತೆಗಿ.

ಗಂಜ್‌ಹುಡುಗ

ಹಾಕ್ದೆ, ತೆಗ್ದೆ. ಸಿಸ್ಟಂ32ದಾಗಿನ ಹದಿನಾಲ್ಕು ಪಟ್ಟಿನೂ ಎತ್ತಿ ಅವುಗಳ ಜಾಗಕ್ಕ ಇಟ್ಟೆ. ಅದರಾಗ ಒಂದು ಪಟ್ಟಿ ಪುಸ್ತಕದಾಗ ಬರಿಯೋದೇ ಬಿಟ್ಟಿದ್ವಿ, 38 ಚೀಲದ್ದು. ಆ ರೈತಗ ಇವಾಗ ಫೋನ್ ಹಚ್ಲಾಕ ಹೊಂಟೀನಿ.